ಗೆದ್ದವನು ಏಳುವಂತಿಲ್ಲ

ಟಿಕೆಟ್ಟು ತೆಗೆದುಕೊಳ್ಳದೆ ಕೂತವನನ್ನು ಮರಿಸಿದ್ದಯ್ಯ ಮುಖ ನೋಡಿಯೇ ಹಿಡಿಯುತ್ತಿದ್ದ. ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ, ಮತ್ತೆ ವಾಪಸ್ಸು, ಹೀಗೆ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡಿದವನು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಜನರನ್ನು ಸರಿಸಿಕೊಂಡು ನೇರವಾಗಿ ಒಬ್ಬನ ಹತ್ತಿರ ಹೋಗಿ, "ಎಲ್ಲೀಗಣ್ಣ?" ಅನ್ನುತ್ತಿದ್ದ. ಬೈಯುತ್ತಿರಲಿಲ್ಲ, ನಾಲ್ಕು ಜನರ ಮುಂದೆ ಮಾನ ತೆಗೆಯುತ್ತಿರಲಿಲ್ಲ. ಟಿಕೆಟ್ಟು ಹರಿದು ಕೈಗೆ ಕೊಟ್ಟು ಮುಂದೆ ಹೋಗುತ್ತಿದ್ದ. ಹೇಗೆ ಗೊತ್ತಾಗುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಟಿಕೇಟ್ ತಗಂಡೋನು ನನ್ ಕಡೀಕೆ ನೋಡ್ತಾನೆ ಸಾ. ತಗಳ್ದೆ ಇರೋನು ಕಬ್ಬಿನ ಗದ್ದೆ ನೋಡ್ತಾನೆ. ಅಷ್ಟೇಯ."

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಮಳವಳ್ಳಿಗೂ ಮದ್ದೂರಿಗೂ ನಡುವೆ ನಮ್ಮೂರು. ಮರಿಸಿದ್ದಯ್ಯನದೂ ಅದೇ ಊರು, ಆದರೆ ಕೆರೆ ಏರಿಯ ಆಚೆಗಿನ ಕೇರಿ. ಅವನು ನನಗಿಂತ ಎರಡು ವರ್ಷ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಅವನು ನನಗೆ 'ಸಾ' ಅನ್ನುತ್ತಿದ್ದ. ನಾವು ಜಮೀನಿರುವ ಗೌಡರ ಮನೆಯವರು. ಅವರ ಮನೆಯವರು ಅವನ ಅಪ್ಪನ ಕಾಲದಲ್ಲೇ ಬೌದ್ಧರಾಗಿದ್ದರು. ಮರಿಸಿದ್ದಯ್ಯ ತನ್ನ ಮಗಳಿಗೆ ಮಂಜುಶ್ರೀ ಎಂದು ಹೆಸರಿಟ್ಟು, ಓದಿಸಿ, ನರ್ಸ್ ಮಾಡಿದ್ದ. ಅವಳು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಳು.

ನಾವು ನಾಲ್ಕು ಜನ ಹನ್ನೊಂದು ವರ್ಷ ಭಾನುವಾರ ಮಧ್ಯಾಹ್ನ ಇಸ್ಪೀಟು ಆಡಿದೆವು. ಗೊಬ್ಬರದಂಗಡಿ ಮಾದಯ್ಯ, ಹಾಲಿನ ಡೈರಿಯ ಕಾರ್ಯದರ್ಶಿ ಶಿವರಾಜು, ಮರಿಸಿದ್ದಯ್ಯ, ನಾನು. ಜಾಗ, ಮಾದಯ್ಯನ ಅಂಗಡಿಯ ಹಿಂದಿನ ಗೋಡೌನು. ಯೂರಿಯಾ ಮೂಟೆಗಳ ನಡುವೆ ಒಂದು ಟಾರ್ಪಾಲು ಹಾಸಿಕೊಂಡು ಕೂರುತ್ತಿದ್ದೆವು. ಒಂದೇ ಫ್ಲಾಸ್ಕಿನ ಟೀ ನಾಲ್ವರಿಗೂ. ದುಡ್ಡಿಟ್ಟು ಆಡುತ್ತಿರಲಿಲ್ಲ. ತಲೆಗೆ ನೂರು ಹುಣಸೆಬೀಜ ಹಂಚಿಕೊಂಡು ಆಡುವುದು, ಐದು ಗಂಟೆಗೆ ಬೀಜವನ್ನೆಲ್ಲ ಡಬ್ಬಕ್ಕೆ ಸುರಿದು ಮನೆಗೆ ಹೋಗುವುದು. ಮೇಷ್ಟ್ರು ಜೂಜಾಡಿ ಸಿಕ್ಕಿಬಿದ್ದ ಅಂತ ಪೇಪರಿನಲ್ಲಿ ಬರುವುದು ನನಗೆ ಬೇಕಿರಲಿಲ್ಲ.

ಮೊದಮೊದಲು ಆಡುತ್ತಿದ್ದುದು ರಮ್ಮಿ. ಪೋಕರ್ ಅನ್ನುವುದನ್ನು ನಮ್ಮ ಗೋಡೌನಿಗೆ ತಂದವನು ಮರಿಸಿದ್ದಯ್ಯ, ಅದೂ ಅವನ ಹೆಂಡತಿ ಹಾಸಿಗೆ ಹಿಡಿದ ಮೇಲೆ.

ಅವನು ರಿಟೈರಾದ ಆರನೇ ತಿಂಗಳಿಗೆ ಮಾಯಮ್ಮನಿಗೆ ಸ್ಟ್ರೋಕ್ ಆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ತೊದಲಿತು. ತಾನಾಗಿ ಏಳುವುದಕ್ಕೆ ಆಗುತ್ತಿರಲಿಲ್ಲ. ಏಳಿಸಿ ಕೂರಿಸುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು, ಮಗ್ಗುಲು ಬದಲಿಸುವುದು ಎಲ್ಲವೂ ಅವನೇ. ಹಗಲೆಲ್ಲ ಮಂಚದ ಪಕ್ಕ ಕೂತಿರಬೇಕಾಗಿ ಬಂದಾಗ ಮೊಬೈಲಿನಲ್ಲಿ ಈ ಆಟ ಕಲಿತ. ಅದರಲ್ಲಿ ಪುಕ್ಕಟೆ ಚಿಪ್ಸು, ಅಂದರೆ ಆಟದೊಳಗಿನ ಸುಳ್ಳು ದುಡ್ಡು, ಕೊಡುತ್ತಾರಂತೆ. ಕಳೆದುಕೊಂಡರೆ ಮಾರನೆಯ ದಿನ ಮತ್ತೆ ಕೊಡುತ್ತಾರಂತೆ. ಒಂದು ಭಾನುವಾರ ಬಂದು, "ಎಲ್ಡು ಕೋಟಿ ಆಗದೆ ಸಾ ನಂದು," ಅಂದ. ಮಾಯಮ್ಮನಿಗೂ ತೋರಿಸಿದನಂತೆ. ಅವಳು ಬಾಯಿಯ ಒಂದೇ ಪಕ್ಕದಿಂದ ನಕ್ಕು, ಅದರಲ್ಲಿ ಒಂದು ಸೀರೆ ಬರುತ್ತದಾ ಕೇಳು ಅಂದಳಂತೆ.

ಆಟ ನಮಗೂ ಕಲಿಸಿದ. ಒಬ್ಬೊಬ್ಬನ ಕೈಗೆ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಎರಡನ್ನೂ ಕೂಡಿಸಿ ಯಾರದು ದೊಡ್ಡದೋ ಅವನು ಗೆದ್ದ. ಎಲೆ ಚೆನ್ನಾಗಿಲ್ಲದಿದ್ದರೂ ಇದ್ದಂತೆ ಜೋರಾಗಿ ಕಟ್ಟಿ ಎದುರಿನವನನ್ನು ಹೆದರಿಸಿ ಓಡಿಸಬಹುದು. ಆಟದ ಜೀವವೇ ಅದು ಅನ್ನುತ್ತಿದ್ದ. ಆದರೆ ನಮ್ಮಲ್ಲಿ ಯಾರೂ ಓಡುತ್ತಿರಲಿಲ್ಲ. ಹುಣಸೆಬೀಜಕ್ಕೆ ಯಾರು ಹೆದರುತ್ತಾರೆ? ಅವನು ಮೂವತ್ತು ಬೀಜ ಮುಂದೆ ತಳ್ಳಿ ಗಂಭೀರವಾಗಿ ಕೂತರೆ ಶಿವರಾಜು ಬೀಡಿ ಕಚ್ಚಿಕೊಂಡೇ, "ನಂದೂ ಮೂವತ್ತು ಮಡಗು, ಏನಾದ್ದು ನೋಡೇಬುಡವ," ಅನ್ನುತ್ತಿದ್ದ. ಕೈಯಲ್ಲಿ ಯಾತಕ್ಕೂ ಬಾರದ ಎರಡು, ಏಳು ಹಿಡಿದುಕೊಂಡು ಹಾಗೆ ಅನ್ನುತ್ತಿದ್ದ. ಮರಿಸಿದ್ದಯ್ಯ ತಲೆ ಚಚ್ಚಿಕೊಳ್ಳುತ್ತಿದ್ದ.

"ನಿಮ್ಯಾರ್ ಮಕದಾಗೂ ಏನೂ ಕಾಣಲ್ವಲ್ಲ ಸಾ. ಎಂಗೆ ಆಡೂದು ನಿಮ್ ಜೊತೇಲಿ?"

ವಾರ ವಾರ ಹೆಚ್ಚು ಸೋಲುತ್ತಿದ್ದವನು ಅವನೇ. ಸೋತು ನಗುತ್ತಿದ್ದ. ನಾಲ್ಕು ಗಂಟೆ ಆಯಿತೋ, ಆಟ ಎಲ್ಲೇ ಇರಲಿ, ಎಲೆ ಕೆಳಗಿಟ್ಟು ಎದ್ದುಬಿಡುತ್ತಿದ್ದ. ಮಾಯಮ್ಮನನ್ನು ಬಚ್ಚಲಿಗೆ ಕರೆದೊಯ್ಯುವ ಹೊತ್ತು ಅದು. ಅವನ ಬೀಜ ನಾವು ಹಂಚಿಕೊಳ್ಳುತ್ತಿದ್ದೆವು. ಅದರ ಬಗ್ಗೆ ಯಾರೂ ಒಂದು ಮಾತಾಡಿದ್ದಿಲ್ಲ.

ದುಡ್ಡಿಟ್ಟು ಆಡೋಣ ಎಂದು ಬಾಯಿ ಬಿಟ್ಟವನು ನಾನು. ಇದನ್ನು ಮಾದಯ್ಯನ ಮೇಲೆ ಹಾಕಬಹುದಿತ್ತು, ಜನ ನಂಬುತ್ತಿದ್ದರು. ಆದರೆ ನಾನೇ. ಹೋದ ವರ್ಷ ಯುಗಾದಿಗೆ ಎರಡು ವಾರ ಇರುವಾಗ ಆ ಮಾತು ಆಡಿದೆ. ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸ್ತೊಡಕು. ಅಂದು ಮನೆಮನೆಯಲ್ಲೂ ಬಾಡೂಟ, ಊಟವಾದ ಮೇಲೆ ಮರದಡಿ, ಜಗುಲಿ, ಹೊಲದ ಬದು ಎಲ್ಲ ಕಡೆ ಜೂಜು. ವರ್ಷವೆಲ್ಲ ಎಲೆ ಮುಟ್ಟದವನೂ ಅಂದು ಒಂದು ಕೈ ಆಡುತ್ತಾನೆ, ಹೆಂಗಸರೂ ಕಾಸು ಚಿಮ್ಮುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಅವತ್ತು ಒಂದು ದಿನ ನಾವೂ ನಿಜವಾಗಿ ಆಡಿ ನೋಡೋಣ ಅಂದೆ. ಮೂವತ್ತೈದು ವರ್ಷ ಸಂಭವನೀಯತೆ ಪಾಠ ಮಾಡಿದ ನನಗೆ, ಒಬ್ಬ ಕಂಡಕ್ಟರ್ ಮೊಬೈಲು ನೋಡಿ ಕಲಿತದ್ದನ್ನು ನನಗೆ ಕಲಿಸುತ್ತಾನಲ್ಲ ಅನ್ನುವ ಸಣ್ಣ ಉರಿಯೂ ಒಳಗಿತ್ತು.

"ಬ್ಯಾಡಿ ಸಾ," ಅಂದ ಮರಿಸಿದ್ದಯ್ಯ. "ಬೀಜದಾಗೇ ಚೆಂದಾಗದೆ."

"ಯಾಕ್ಲಾ, ಎದೆ ಇಲ್ವಾ? ಎರಡು ಕೋಟಿ ಸಾಹುಕಾರ ನೀನು," ಅಂದೆ. ಉಳಿದಿಬ್ಬರು ನಕ್ಕರು. ಅವನೂ ನಕ್ಕ. ಬರುತ್ತೇನೆ ಅಂದ.

ಹೊಸ್ತೊಡಕು ಸೋಮವಾರ ಬಿದ್ದಿತ್ತು. ಹಿಂದಿನ ದಿನ ಬಂದಿದ್ದ ಮಂಜುಶ್ರೀ ಬೆಳಗಿನ ಬಸ್ಸಿಗೆ ಡ್ಯೂಟಿಗೆ ಹೋಗಿದ್ದಳು. ಮರಿಸಿದ್ದಯ್ಯ ಇಲ್ಲದ ಹೊತ್ತಿನಲ್ಲಿ ಮಾಯಮ್ಮನ ಹತ್ತಿರ ಕೂರುತ್ತಿದ್ದ ಪಕ್ಕದ ಮನೆಯ ದೇವಿರಮ್ಮ, ಹಬ್ಬದೂಟಕ್ಕೆಂದು ಕಿರುಗಾವಲಿನ ಮಗಳ ಮನೆಗೆ ಹೋಗಿದ್ದಳು. ಹಾಗಾಗಿ ಅವನು ಹೆಂಡತಿಗೆ ಊಟ ಮಾಡಿಸಿ, ಮಲಗಿಸಿ, ನಾಲ್ಕಕ್ಕೆ ಬರುತ್ತೇನೆ ಎಂದು ಹೇಳಿ, ಬಾಗಿಲು ಮುಂದಕ್ಕೆಳೆದುಕೊಂಡು ಬಂದಿದ್ದ. ಇದನ್ನೆಲ್ಲ ಟಾರ್ಪಾಲಿನ ಮೇಲೆ ಕೂರುತ್ತಲೇ ನಮಗೆ ಹೇಳಿದ್ದ. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಕೂತ ಒಂದು ಗಂಟೆಯೊಳಗೆ ಆಟ ಬದಲಾಗಿಹೋಯಿತು. ಶಿವರಾಜು ಬೀಡಿ ಹಚ್ಚುವುದನ್ನೇ ಮರೆತ. ನೂರು ರೂಪಾಯಿ ನೋಟು ಮುಂದಿಡುವಾಗ ಮಾದಯ್ಯ ಎಂಜಲು ನುಂಗುತ್ತಿದ್ದ. ನನ್ನ ಮುಖ ಹೇಗಿತ್ತೋ ನನಗೆ ಕಾಣುತ್ತಿರಲಿಲ್ಲ. ಮರಿಸಿದ್ದಯ್ಯನಿಗೆ ಕಾಣುತ್ತಿತ್ತು. ಬೀಜ ಇಟ್ಟಾಗ ಇಲ್ಲದ ಮುಖ, ದುಡ್ಡು ಇಟ್ಟಾಗ ನಮಗೆಲ್ಲ ಬಂದುಬಿಟ್ಟಿತ್ತು. ಅವನು ತಲೆಯೆತ್ತಿ ಒಮ್ಮೆ ನೋಡುವನು, ಕಟ್ಟುವನು, ಇಲ್ಲವೇ ಎಲೆ ಕೆಳಗಿಡುವನು. ಮೂರು ಮುಕ್ಕಾಲರ ಹೊತ್ತಿಗೆ ನಾನು ತಂದಿದ್ದ ಐದು ಸಾವಿರದಲ್ಲಿ ನಾಲ್ಕು ಅವನ ಮುಂದಿತ್ತು. ಮಾದಯ್ಯನದೂ ಶಿವರಾಜುವಿನದೂ ಅಲ್ಲೇ ಸೇರುತ್ತಿತ್ತು. ಸೋಲುವುದು ಬೇರೆ, ಅವನ ಕೈಯಲ್ಲಿ ಸೋಲುವುದು ಬೇರೆ ಅನ್ನಿಸತೊಡಗಿತು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ.

ನಾಲ್ಕು ಗಂಟೆಗೆ ಅವನು ಎಲೆ ಕೆಳಗಿಟ್ಟು ಎದ್ದ.

ನಮ್ಮ ಕಡೆ ದುಡ್ಡಿನಾಟಕ್ಕೆ ಒಂದು ಕಟ್ಟಳೆ ಇದೆ. ಸೋತವನು ಯಾವಾಗ ಬೇಕಾದರೂ ಏಳಬಹುದು. ಗೆದ್ದವನು, ಸೋತವನು ಸಾಕು ಅನ್ನುವವರೆಗೆ ಏಳುವಂತಿಲ್ಲ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ಹನ್ನೊಂದು ವರ್ಷ ಆ ಗೋಡೌನಿನಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ.

"ಕೂತ್ಕೊಳ್ಲಾ," ಅಂದೆ. "ಗೆದ್ದೋನು ಎದ್ದೋಗಂಗಿಲ್ಲ."

"ಐದು ನಿಮ್ಸ ಸಾ. ಅವ್ಳ ಬಚ್ಚಲಿಗೆ ಬುಟ್ಟು ಓಡ್ಬಂದ್ಬುಡ್ತೀನಿ."

"ಐದು ನಿಮಿಷ ಅಂತ ಹೋದೋನು ಯಾವನು ವಾಪಸ್ ಬಂದವ್ನೆ? ಇನ್ನೆರಡು ಕೈ ಆಡ್ಬುಟ್ಟು ಹೋಗು."

ಅವನು ನಿಂತೇ ಇದ್ದ. ಆಗ ಮಾದಯ್ಯ, ಯಾರ ಮುಖವನ್ನೂ ನೋಡದೆ, ಎಲೆ ಕಲೆಸುತ್ತಾ ಅಂದ: "ದುಡ್ಡು ಕೈಗೆ ಬಂದ ತಕ್ಸಣ ಎದ್ದೋಡದು. ಎಲ್ಲೋಯ್ತದೆ ಬುಡು, ನಿಮ್ಮೋರ ಬುದ್ದಿ..."

ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಶಿವರಾಜು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತ. ಬಾಯಿ ಮುಚ್ಚು ಅಂತ ಮಾದಯ್ಯನಿಗೆ ನಾನು ಹೇಳಬೇಕಿತ್ತು. ಹೇಳಲು ನನಗೆ ವಯಸ್ಸಿತ್ತು, ಓದಿತ್ತು, ಊರಿನಲ್ಲಿ ಮಾತಿಗೆ ಬೆಲೆಯೂ ಇತ್ತು. ನಾನು ಹೇಳಲಿಲ್ಲ. ಮರಿಸಿದ್ದಯ್ಯ ನನ್ನ ಕಡೆ ಒಂದು ಕ್ಷಣ ನೋಡಿ, ಕಾಲು ಮಡಿಸಿಕೊಂಡು ಮತ್ತೆ ಕೂತ.

ಆಮೇಲೆ ಸೋಲಲು ಶುರು ಮಾಡಿದ. ಸೋತರೆ ತಾನೇ ಏಳಬಹುದು? ನಾನು ನೂರು ಕಟ್ಟಿದರೂ ಎಲೆ ಕೆಳಗಿಡುತ್ತಿದ್ದ, ಐವತ್ತು ಕಟ್ಟಿದರೂ ಇಡುತ್ತಿದ್ದ. ಹಾಗೆ ಎಂಟೋ ಹತ್ತೋ ಕೈ. ನನಗೆ ಅನುಮಾನ ಬಂದು ಅವನು ಕೆಳಗಿಟ್ಟ ಎಲೆ ತಿರುಗಿಸಿ ನೋಡಿದೆ. ರಾಣಿ ಜೋಡಿ. ನನ್ನ ಕೈಯಲ್ಲಿದ್ದುದು ಏನೂ ಅಲ್ಲದ ಒಂದು ಏಳು, ಒಂದು ಮೂರು.

ಮೈಯೆಲ್ಲ ಉರಿದುಹೋಯಿತು. "ಏನ್ಲಾ ಇದು? ನನ್ನ ಮೇಲೆ ಕನಿಕರ ತೋರಿಸ್ತೀಯಾ?" ಎಂದು ಕೂಗಿದೆ.

"ಅಂಗಲ್ಲ ಸಾ," ಅಂದ. ಗಡಿಯಾರ ನೋಡಿದ, ನಾಲ್ಕೂವರೆ. ತನ್ನ ಮುಂದಿದ್ದ ದುಡ್ಡನ್ನೆಲ್ಲ ಎರಡೂ ಕೈಯಲ್ಲಿ ಒಟ್ಟು ಮಾಡಿ ನಡುವೆ ತಳ್ಳಿದ. "ತಗಳಿ ಸಾ, ನಿಮ್ ನಿಮ್ದು ನೀವೇ ತಗಳಿ. ನಂಗೊಂದ್ ಕಾಸೂ ಬ್ಯಾಡ. ಅವ್ಳೊಬ್ಳೇ ಅವ್ಳೆ. ನನ್ ಬುಟ್ಬುಡಿ."

ಅಲ್ಲಿಗೆ ಮುಗಿಯಬಹುದಿತ್ತು. ಬೀಜವಾಗಿದ್ದರೆ ಡಬ್ಬಕ್ಕೆ ಸುರಿದು ನಗುತ್ತಿದ್ದೆವು. ಆದರೆ ಅವನು ಕೊಟ್ಟದ್ದನ್ನು ನಾನು ಕೈಯೊಡ್ಡಿ ತೆಗೆದುಕೊಳ್ಳುವುದೇ? "ನಾನೇನು ಭಿಕ್ಷೆ ಕೇಳಿದ್ನೇನೋ ನಿನ್ನ? ಎತ್ಕೋ. ನೆಟ್ಟಗೆ ಆಡಿ ಗೆಲ್ಲು, ಇಲ್ಲಾ ನೆಟ್ಟಗೆ ಆಡಿ ಸೋಲು," ಅಂದೆ. ಮಾದಯ್ಯನ ಹತ್ತಿರ ಇನ್ನೂ ಐದು ಸಾವಿರ ಇಸಿದುಕೊಂಡೆ.

ಅವನು ನೆಟ್ಟಗೆ ಆಡಿದ. ಬೇಗ ಮುಗಿಸಬೇಕೆಂದು ಆಡಿದ. ಅದು ಇನ್ನೂ ಕೆಟ್ಟದಾಯಿತು, ಯಾಕೆಂದರೆ ಎಲೆ ಅವನ ಕಡೆಗೇ ಬರುತ್ತಿತ್ತು. ಒಂದೊಂದು ಕೈ ಮುಗಿದಾಗಲೂ ಅವನು ನನ್ನನ್ನು ನೋಡುತ್ತಿದ್ದ, ಸಾಕು ಅನ್ನುತ್ತೇನೇನೋ ಎಂದು. ನಾನು ಅನ್ನಲಿಲ್ಲ. ಕಡೆಯ ಕೈಯಲ್ಲಿ ನನಗೆ ಎಕ್ಕದ ಜೋಡಿ ಬಂತು. ನಡುವಿನ ಐದು ಎಲೆಯಲ್ಲಿ ಎರಡು ಒಂಬತ್ತು ಬಿದ್ದಿತ್ತು. ಇದ್ದುದನ್ನೆಲ್ಲ ಮುಂದೆ ತಳ್ಳಿದೆ. ಅವನು ಎಲೆ ಕೆಳಗಿಡಲು ಹೋದ. "ಇಟ್ರೆ ಸುಮ್ನಿರಲ್ಲ, ನೋಡು," ಅಂದೆ. ಅವನು ಅಷ್ಟೇ ದುಡ್ಡು ಇಟ್ಟು ಎಲೆ ತಿರುಗಿಸಿದ. ಅವನ ಕೈಯಲ್ಲಿ ಮೂರನೆಯ ಒಂಬತ್ತು, ನನ್ನ ಎರಡು ಜೋಡಿಗಿಂತ ದೊಡ್ಡದು.

ನನ್ನ ಹತ್ತಿರ ಇನ್ನು ಇಡಲು ಏನೂ ಇರಲಿಲ್ಲ. ಹಾಗಾಗಿ ಆಟ ಮುಗಿಯಿತು. ಐದೂ ಮುಕ್ಕಾಲು. ಮರಿಸಿದ್ದಯ್ಯ ಚಪ್ಪಲಿ ಕೂಡ ಮೆಟ್ಟಿಕೊಳ್ಳದೆ ಓಡಿದ. ಅರವತ್ತೆರಡು ವರ್ಷದ ಮನುಷ್ಯ ಬರಿಗಾಲಲ್ಲಿ ಕೆರೆ ಏರಿಯ ಮೇಲೆ ಓಡುತ್ತಿದ್ದುದನ್ನು ಗೋಡೌನಿನ ಬಾಗಿಲಲ್ಲಿ ನಿಂತು ನೋಡಿದೆ.

ದುಡ್ಡು ಟಾರ್ಪಾಲಿನ ಮೇಲೆಯೇ ಬಿದ್ದಿತ್ತು. ಆಮೇಲೆ ಮಾದಯ್ಯ ತನ್ನದು ಎಣಿಸಿಕೊಂಡ, ಶಿವರಾಜು ತನ್ನದು ಎಣಿಸಿಕೊಂಡ. ನಾನೂ ಎಣಿಸಿಕೊಂಡೆ. ಅವನು ಕೈಯಾರೆ ಕೊಟ್ಟಾಗ ಭಿಕ್ಷೆಯಾಗಿದ್ದ ದುಡ್ಡು, ಅವನು ಇಲ್ಲದಾಗ ನನ್ನದಾಯಿತು. ಅವನು ತಂದಿದ್ದ ಎರಡು ಸಾವಿರವನ್ನು ಮಾದಯ್ಯ ಒಂದು ಬಿಲ್ಲಿನ ಹಾಳೆಯಲ್ಲಿ ಸುತ್ತಿ, ಅವನ ಚಪ್ಪಲಿಯ ಜೊತೆ ಮೂಟೆಯ ಮೇಲಿಟ್ಟ.

ಆಮೇಲೆ ತಿಳಿದಂತೆ, ಮಾಯಮ್ಮ ನಾಲ್ಕೂಕಾಲರವರೆಗೆ ಕಾದಿದ್ದಾಳೆ. ಹಾಸಿಗೆ ಒದ್ದೆ ಮಾಡುವುದೆಂದರೆ ಅವಳಿಗೆ ಸಾಯುವಷ್ಟು ಸಂಕೋಚವಂತೆ. ಎಡಗೈಯಿಂದ ಮಂಚದ ಪಟ್ಟಿ ಹಿಡಿದು ಎದ್ದಿದ್ದಾಳೆ, ಎರಡು ಹೆಜ್ಜೆ ಹಾಕಿದ್ದಾಳೆ, ಬಿದ್ದಿದ್ದಾಳೆ. ಸೊಂಟದ ಮೂಳೆ ಮುರಿದಿತ್ತು. ಕೂಗಿಕೊಳ್ಳಲು ಬಾಯಿ ಬರದು, ಅಕ್ಕಪಕ್ಕದಲ್ಲಿ ಯಾರೂ ಇಲ್ಲ. ಹಬ್ಬದ ಗಲಾಟೆಯಲ್ಲಿ ಅವಳ ಸದ್ದು ಯಾರಿಗೂ ಕೇಳಿಲ್ಲ. ಅವನು ಹೋದಾಗ ನೆಲದ ಮೇಲೆ ಒದ್ದೆಯಲ್ಲಿ ಬಿದ್ದುಕೊಂಡು, ತಲೆ ಮಾತ್ರ ಬಾಗಿಲ ಕಡೆ ತಿರುಗಿಸಿಕೊಂಡಿದ್ದಳಂತೆ. ಮಂಡ್ಯಕ್ಕೆ ಸಾಗಿಸಿದರು. ಆಪರೇಷನ್ ಮಾಡಿದರು. ಮಲಗಿದಲ್ಲೇ ಮಲಗಿ ಎದೆಯಲ್ಲಿ ಕಫ ಕಟ್ಟಿತು. ಹತ್ತೊಂಬತ್ತನೆಯ ದಿನ ಹೋದಳು.

ಆಸ್ಪತ್ರೆಗೆ ನಾನು ಒಂದು ಸಲ ಹೋಗಿದ್ದೆ. ಮಂಜುಶ್ರೀ ಹೊರಗೆ ಬೆಂಚು ತೋರಿಸಿ, "ಕೂತ್ಕೊಳಿ ಸರ್, ಅಪ್ಪ ಒಳಗವ್ರೆ," ಅಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ ಎಂದು ತಿಳಿಯಿತು. ಐದು ನಿಮಿಷ ಕೂತು, ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆ. ಮಣ್ಣಿಗೆ ಹೋದಾಗ ಜನರ ಹಿಂದೆ ನಿಂತಿದ್ದೆ.

ಎಲ್ಲ ಮುಗಿದು ಮೂರು ವಾರದ ಮೇಲೆ ಅವನ ಮನೆಗೆ ಹೋದೆ. ಹನ್ನೊಂದು ವರ್ಷದ ಸ್ನೇಹದಲ್ಲಿ ನಾನು ಆ ಮನೆಯ ಬಾಗಿಲು ದಾಟಿದ್ದು ಅಂದೇ ಮೊದಲು. ದಾಟಿದ ಮೇಲೆಯೇ ಅದು ಹೊಳೆದದ್ದು. ಚೊಕ್ಕ ಮನೆ. ಗೋಡೆಯಲ್ಲಿ ಬುದ್ಧನ ಫೋಟೊ, ಪಕ್ಕದಲ್ಲಿ ಹೊಸದಾಗಿ ಕಟ್ಟು ಹಾಕಿಸಿದ ಮಾಯಮ್ಮನ ಫೋಟೊ. ಮಂಚ ಇನ್ನೂ ನಡುಮನೆಯಲ್ಲೇ ಇತ್ತು. ಅದರಿಂದ ಬಚ್ಚಲ ಬಾಗಿಲಿಗೆ ಕಣ್ಣಲ್ಲೇ ಅಳೆದೆ. ಎಂಟು ಹೆಜ್ಜೆಗಿಂತ ಹೆಚ್ಚಿಲ್ಲ.

"ಕುಂತ್ಕಳಿ ಸಾ," ಎಂದು ಕುರ್ಚಿ ಒರೆಸಿ ಕೊಟ್ಟ. ತಾನೇ ಒಳಗೆ ಹೋಗಿ ಟೀ ಮಾಡಿಕೊಂಡು ಬಂದ. ಸಕ್ಕರೆ ಕಡಿಮೆ ಹಾಕಿದ್ದ, ನನಗೆ ಶುಗರ್ ಇರುವುದು ಅವನಿಗೆ ನೆನಪಿತ್ತು. ನಾನು ಲೋಟ ಹಿಡಿದುಕೊಂಡು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಶುರು ಮಾಡಿದೆ.

"ಮರಿಸಿದ್ದಯ್ಯ, ಅವತ್ತು ನಾನು..."

"ಬುಡಿ ಸಾ."

"ಇಲ್ಲ, ನಾನು ನಿನ್ನ ಹಿಡಿದು ಕೂರಿಸದೆ ಇದ್ದಿದ್ರೆ..."

ಅವನು ಮಂಚದ ಕಡೆ ನೋಡಿದ. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಸಣ್ಣ ದನಿಯಲ್ಲಿ ಹೇಳಿದ.

"ನಿಜ ಯೋಳ್ಲಾ ಸಾ? ನೀವೇನೂ ಇಡ್ಕಂಡಿರ್ನಿಲ್ಲ. ಎದ್ದೋಗ್ಬೋದಿತ್ತು ನಾನು. ನಾಕ್ ಮಾತು ಬೈತಿದ್ರಿ, ಬೈಸ್ಕಂಡು ಅಬ್ಯಾಸ ಅದೆ ನಂಗೆ, ಮೂವತ್ತು ವರ್ಸ ಬಸ್ನಾಗೆ ಬೈಸ್ಕಂಡೋನು. ಆದ್ರೂ ಏಳ್ನಿಲ್ಲ. ಯಾಕಂದ್ರೆ ಗೆಲ್ತಿದ್ನಲ್ಲ ಸಾ. ನಿಮ್ ಮೂರೂ ಜನದ ಮಕ ನೋಡಕ್ಕೆ ಚೆಂದಾಗಿತ್ತು. ಆಸೆ ಆಯ್ತು, ಕುಂತ್ಕಂಡೆ. ನಂದೇ ತೆಪ್ಪು. ನೀವು ಮನಸಿಗೆ ಅಚ್ಕಬ್ಯಾಡಿ."

ನನ್ನ ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಹೌದು, ಹಗುರವಾಯಿತು, ಅದನ್ನೇಕೆ ಮುಚ್ಚಿಡಲಿ? ಅದೇ ಗಳಿಗೆಯಲ್ಲಿ, ರಾಣಿ ಜೋಡಿಯನ್ನು ಕೆಳಗಿಟ್ಟ ಕೈಯೂ ನೋಟುಗಳನ್ನು ಮುಂದೆ ತಳ್ಳಿದ ಕೈಯೂ ಕಣ್ಣಿಗೆ ಬಂದವು. ಆಸೆಗೆ ಕೂತವನು ಹಾಗೆ ಮಾಡುತ್ತಾನೆಯೇ ಎಂದು ಅವನನ್ನು ಕೇಳಬೇಕಿತ್ತು.

ಕೇಳಲಿಲ್ಲ. ಕೇಳಿದ್ದರೆ ಅವನು ನಿಜ ಹೇಳಿಬಿಡುತ್ತಿದ್ದ.

ಹೂಂ ಅಂದೆ. ಟೀ ಮುಗಿಸಿ, ಬರ್ತೀನಪ್ಪ ಎಂದು ಎದ್ದು ಬಂದೆ.